ಶಿರಸಿಯಲ್ಲಿ ಮಲ್ಟಿಕಾಸ್ಟ್ ಟಿವಿ ನಾಲ್ಕು ನಿಮಿಷಕ್ಕೆ ನಿಲ್ಲುತ್ತದೆ, ದೇವಿಮನೆ ಫೈಬರ್ ತುಂಡಾದರೆ ಬರುವುದೇ ಇಲ್ಲ

ಘಟ್ಟದ_ಮೇಲೆ · ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಸುತ್ತಿನ ಹಳ್ಳಿಗಳಿಗೆ ಇಂಟರ್ನೆಟ್, ಟಿವಿ ಕೊಡುವ ಸಣ್ಣ ಕೇಬಲ್ ಜಾಲದಲ್ಲಿ ಕೆಲಸ ನನ್ನದು. ಚಾನೆಲ್‌ಗಳು ಹೊರಡುವ ಕೇಂದ್ರ, ಅಂದರೆ ಹೆಡ್‌ಎಂಡ್, ಕುಮಟಾದಲ್ಲಿದೆ. ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ನಮ್ಮದೇ ಫೈಬರ್ ಬರುತ್ತದೆ. ಚಾನೆಲ್‌ಗಳೆಲ್ಲ ಮಲ್ಟಿಕಾಸ್ಟ್, ಅಂದರೆ ಒಂದೇ ಹರಿವು ಹೊರಟು ದಾರಿ ಕವಲೊಡೆಯುವಲ್ಲಿ ಮಾತ್ರ ಪ್ರತಿಯಾಗುತ್ತದೆ. ರೂಟರ್‌ಗಳ ನಡುವೆ ಪಿಮ್ ಸ್ಪಾರ್ಸ್ ಮೋಡ್ (ಕೇಳಿದವರಿಗೆ ಮಾತ್ರ ಹರಿವು ಕೊಡುವ ಪದ್ಧತಿ). ಮೂಲವೂ ನೋಡುವವರೂ ಮೊದಲು ಸೇರುವ ಜಾಗ, ಅಂದರೆ ಆರ್‌ಪಿ, ಇರುವುದು ಕಾರವಾರದ ಮುಖ್ಯ ಕಚೇರಿಯ ರೂಟರ್‌ನಲ್ಲಿ. ಶಿರಸಿ ರೂಟರ್‌ನಿಂದ ಒಎಲ್‌ಟಿ (ಫೈಬರನ್ನು ಮನೆಗಳಿಗೆ ಹಂಚುವ ಪೆಟ್ಟಿಗೆ), ಅಲ್ಲಿಂದ ಮನೆಗಳಿಗೆ.

ಎರಡು ತೊಂದರೆ. ಒಂದನೆಯದು: ಚಾನೆಲ್ ಹಾಕಿದ ಕೂಡಲೇ ಚಿತ್ರ ಬರುತ್ತದೆ, ನಾಲ್ಕು ನಿಮಿಷ ಚಿಲ್ಲರೆ ಕಳೆದ ಮೇಲೆ ನಿಂತುಬಿಡುತ್ತದೆ. ಬೇರೆ ಚಾನೆಲ್‌ಗೆ ಹೋಗಿ ವಾಪಸ್ ಬಂದರೆ ಮತ್ತೆ ಸರಿ. ಎಲ್ಲರೂ ನೋಡುವ ಸುದ್ದಿ, ಧಾರಾವಾಹಿ ಚಾನೆಲ್‌ಗಳ ಬಗ್ಗೆ ದೂರು ಕಡಿಮೆ. ಸ್ಥಳೀಯ ಚಾನೆಲ್‌ನಲ್ಲಿ ರಾತ್ರಿಯಿಡೀ ಯಕ್ಷಗಾನದ ನೇರಪ್ರಸಾರ ಇಟ್ಟ ದಿನ ಮಾತ್ರ ಫೋನ್ ಮೇಲೆ ಫೋನ್. ಬಯಲಾಟಕ್ಕೆ ಹೋಗಲು ಆಗದ ಹಿರಿಯರು ಅದಕ್ಕೇ ಕಾದು ಕೂತಿರುತ್ತಾರೆ, ಅವರಿಗೆ ಉತ್ತರ ಕೊಡುವುದು ಕಷ್ಟ. ಹೋದ ತಿಂಗಳು ಶಿರಸಿ ರೂಟರ್ ಬದಲಾಯಿಸಿದ ಮೇಲೆ ಶುರುವಾದದ್ದು.

ಎರಡನೆಯದು ಹಳೆಯದು. ಮಳೆಗಾಲದಲ್ಲಿ ದೇವಿಮನೆಯಲ್ಲಿ ಮಣ್ಣು ಜಾರಿ ಫೈಬರ್ ತುಂಡಾಗುವುದು ಇದ್ದದ್ದೇ. ಅದಕ್ಕೆಂದು ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ ಇಳಿಯುವ ಬಾಡಿಗೆ ಲಿಂಕ್ ಇದೆ. ಅಂಕೋಲಾದಲ್ಲಿ ನಮ್ಮ ರೂಟರ್ ಇದೆ. ಫೈಬರ್ ತುಂಡಾದರೆ ಇಂಟರ್ನೆಟ್ ಒಂದು ನಿಮಿಷದೊಳಗೆ ಆ ಕಡೆ ತಿರುಗುತ್ತದೆ, ಟಿವಿ ಒಂದೂ ಬರುವುದಿಲ್ಲ. ಕುಮಟಾದ ಎನ್‌ಕೋಡರ್‌ಗೆ (ಚಿತ್ರವನ್ನು ಪ್ಯಾಕೆಟ್ ಮಾಡಿ ಕಳಿಸುವ ಯಂತ್ರ) ಪಿಂಗ್ ಮಾತ್ರ ಚೆನ್ನಾಗಿ ಹೋಗುತ್ತಿರುತ್ತದೆ. ಎಲ್ಲಿಂದ ಹುಡುಕಲಿ?

ಅಘನಾಶಿನಿ_ದಡ · ಕುಮಟಾ

ಹೆಡ್‌ಎಂಡ್ ನೋಡಿಕೊಳ್ಳುವವಳು ನಾನೇ. ಇಲ್ಲಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಗ್ರೂಪ್ ವಿಳಾಸಗಳು (ಚಾನೆಲ್‌ಗೊಂದು) 239.10.1.1ರಿಂದ ಮುಂದಕ್ಕೆ. ಎನ್‌ಕೋಡರ್‌ನಲ್ಲಿ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) 16 ಇಟ್ಟಿದ್ದೇನೆ, 1 ಅಲ್ಲ, ಹಾಗಾಗಿ ಮೊದಲ ರೂಟರಲ್ಲೇ ಸಾಯುವ ಪ್ರಶ್ನೆ ಇಲ್ಲ. ಕುಮಟಾ, ಅಂಕೋಲಾದ ಮನೆಗಳಲ್ಲಿ ಗಂಟೆಗಟ್ಟಲೆ ನಿಲ್ಲದೆ ಓಡುತ್ತದೆ.

ಕಾಳಿ_ಸಂಗಮ · ಕಾರವಾರ

ವಿವರ ಚೆನ್ನಾಗಿ ಕೊಟ್ಟಿದ್ದೀರಿ ಇಬ್ಬರೂ. ಮೊದಲನೆಯ ತೊಂದರೆಯ ಗುಟ್ಟು ಆ "ನಾಲ್ಕು ನಿಮಿಷ ಚಿಲ್ಲರೆ"ಯಲ್ಲೇ ಇದೆ. ಗಡಿಯಾರ ಹಿಡಿದು ಅಳೆಯಿರಿ, 4 ನಿಮಿಷ 20 ಸೆಕೆಂಡು ಬರುತ್ತದೆ ನೋಡಿ.

ಲೆಕ್ಕ ಹೀಗೆ. ಸೆಟ್‌ಟಾಪ್ ಬಾಕ್ಸ್ ಚಾನೆಲ್ ಹಾಕಿದಾಗ ಐಜಿಎಂಪಿ (ಮನೆ ಮತ್ತು ರೂಟರ್ ನಡುವೆ ಚಾನೆಲ್ ಕೇಳುವ ಪದ್ಧತಿ) ರಿಪೋರ್ಟ್ ಕಳಿಸುತ್ತದೆ: "239.10.1.7 ನನಗೆ ಬೇಕು". ರೂಟರ್ ಆ ಇಂಟರ್‌ಫೇಸಿನ ಮೇಲೆ ಆ ಗ್ರೂಪ್ ಬರೆದುಕೊಂಡು ಟೈಮರ್ ಹಚ್ಚುತ್ತದೆ. ಆಮೇಲೆ ಪ್ರತಿ 125 ಸೆಕೆಂಡಿಗೊಮ್ಮೆ 224.0.0.1ಕ್ಕೆ (ಎಲ್ಲರಿಗೂ ಕೇಳಿಸುವ ವಿಳಾಸ) ಕ್ವೆರಿ ಹಾಕಿ "ಯಾರಿಗೆ ಏನು ಬೇಕು?" ಎಂದು ಕೇಳುತ್ತದೆ, ಉತ್ತರಕ್ಕೆ 10 ಸೆಕೆಂಡು ಕಾಯುತ್ತದೆ. ಒಂದು ಕ್ವೆರಿ ಕಳೆದುಹೋದರೂ ಚಿತ್ರ ನಿಲ್ಲಬಾರದು ಎಂದು ಎರಡು ಸುತ್ತಿನ ಸಮಯ ಕೊಡುತ್ತಾರೆ. ಎರಡು ಸಲ 125, ಮೇಲೆ 10, ಒಟ್ಟು 260 ಸೆಕೆಂಡು. ಅಷ್ಟರಲ್ಲಿ ಯಾರೂ ಉತ್ತರ ಕೊಡದಿದ್ದರೆ ಕೇಳುವವರು ಯಾರೂ ಇಲ್ಲ ಎಂದು ರೂಟರ್ ಆ ಗ್ರೂಪನ್ನು ತೆಗೆದುಹಾಕುತ್ತದೆ.

ಅಂದರೆ ನಿಮ್ಮಲ್ಲಿ ಜಾಯಿನ್ (ಬೇಕು ಎಂಬ ಆ ರಿಪೋರ್ಟ್) ಮೇಲಕ್ಕೆ ಹೋಗುತ್ತಿದೆ, ಕ್ವೆರಿ ಕೆಳಕ್ಕೆ ಬರುತ್ತಿಲ್ಲ. ಜನಪ್ರಿಯ ಚಾನೆಲ್‌ಗೆ ಒಂದಲ್ಲ ಒಂದು ಮನೆಯವರು ಆಗಾಗ ಹೊಸದಾಗಿ ಬರುತ್ತಾರೆ, ಪ್ರತಿ ಹೊಸ ಜಾಯಿನ್‌ಗೂ ಟೈಮರ್ ಮತ್ತೆ ಮೊದಲಿನಿಂದ. ಯಕ್ಷಗಾನ ನೋಡುವವರು ಚೌಕಿಪೂಜೆಯಿಂದ ಮಂಗಳದವರೆಗೆ ರಿಮೋಟ್ ಮುಟ್ಟುವುದಿಲ್ಲ. ರಾತ್ರಿ ಎರಡಕ್ಕೆ ಹೊಸಬರೂ ಬರುವುದಿಲ್ಲ. ಹಾಗಾಗಿ ಪೆಟ್ಟು ಅವರಿಗೇ.

ಹೊಸ ರೂಟರ್‌ನಲ್ಲಿ ಐಜಿಎಂಪಿ ಎಷ್ಟನೇ ಆವೃತ್ತಿ? ಒಎಲ್‌ಟಿಯಲ್ಲಿ ಎಷ್ಟು?

ಅಘನಾಶಿನಿ_ದಡ · ಕುಮಟಾ

ಸರ್, ಒಂದು ಅನುಮಾನ. ಕ್ವೆರಿ ಕೆಳಗೆ ಹೋಗುವುದೇ ಇಲ್ಲ ಎಂದಾದರೆ ಲೀವ್ (ಚಾನೆಲ್ ಬಿಟ್ಟೆ ಎಂಬ ಸಂದೇಶ) ಬಂದಾಗ ಏನಾಗಬೇಕು? ಒಬ್ಬರು ಚಾನೆಲ್ ಬದಲಿಸಿದರೆ ರೂಟರ್ "ಇನ್ನೂ ಯಾರಾದರೂ ಇದ್ದೀರಾ?" ಎಂದು ಆ ಗ್ರೂಪಿಗೆ ಮಾತ್ರ ಕ್ವೆರಿ ಹಾಕುತ್ತದೆ. ಅದೂ ತಲುಪದಿದ್ದರೆ ಎರಡು ಸೆಕೆಂಡಿನಲ್ಲಿ ಎಲ್ಲರ ಚಿತ್ರವೂ ಹೋಗಬೇಕಲ್ಲ? ಜನಪ್ರಿಯ ಚಾನೆಲ್‌ಗೇ ಹೆಚ್ಚು ಪೆಟ್ಟು ಬೀಳಬೇಕಿತ್ತು.

ಕಾಳಿ_ಸಂಗಮ · ಕಾರವಾರ

ಬಹಳ ಒಳ್ಳೆಯ ಪ್ರಶ್ನೆ. ಸ್ನೂಪಿಂಗ್ ಮಾಡುವ, ಅಂದರೆ ಐಜಿಎಂಪಿ ಸಂದೇಶಗಳನ್ನು ನಡುವೆ ಇಣುಕಿ ನೋಡುವ ಹಲವು ಒಎಲ್‌ಟಿಗಳು ಲೀವ್ ಅನ್ನು ತಮ್ಮಲ್ಲೇ ತಡೆದು, ತಮ್ಮ ಪಟ್ಟಿಯ ಕೊನೆಯ ಮನೆ ಹೋದಾಗ ಮಾತ್ರ ಮೇಲೆ ಬಿಡುತ್ತವೆ. ಜಾಯಿನ್‌ಗಳನ್ನು ಹಾಗೇ ಬಿಡುತ್ತವೆ. ಶಿರಸಿಯಲ್ಲೂ ಹಾಗೆ ಇದ್ದರೆ ಹೇಳಿದ ಲಕ್ಷಣಗಳೆಲ್ಲ ಹೊಂದುತ್ತವೆ. ಇಲ್ಲವಾದರೆ ನೀವು ಹೇಳಿದಂತೆಯೇ ಆಗುತ್ತಿತ್ತು.

ಘಟ್ಟದ_ಮೇಲೆ · ಶಿರಸಿ

ಹೌದು ಸರ್, 4 ನಿಮಿಷ 20 ಸೆಕೆಂಡೇ. ಹೊಸ ರೂಟರ್‌ನಲ್ಲಿ ಆವೃತ್ತಿ 3 ಇದೆ, ಒಎಲ್‌ಟಿಯ ಮಲ್ಟಿಕಾಸ್ಟ್ ಪ್ರೊಫೈಲಿನಲ್ಲಿ ಆವೃತ್ತಿ 2. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳೂ 2. ರೂಟರ್ ಪೋರ್ಟನ್ನು ಮಿರರ್ ಮಾಡಿ (ಪ್ಯಾಕೆಟ್‌ಗಳ ಪ್ರತಿ ತೆಗೆದು) ನೋಡಿದೆ: ಕ್ವೆರಿ ಹೊರಡುತ್ತಿದೆ. ಮನೆಯ ಫೈಬರ್ ಪೆಟ್ಟಿಗೆ ಒಎನ್‌ಯು ಹಿಂದೆ ಲ್ಯಾಪ್‌ಟಾಪ್ ಇಟ್ಟು ನೋಡಿದೆ: ಒಂದೂ ಇಲ್ಲ. ಒಎಲ್‌ಟಿ ಮೂರನೇ ಆವೃತ್ತಿಯ ಕ್ವೆರಿಯನ್ನು ಎಸೆಯುತ್ತಿದೆ. ಮನೆಯಿಂದ ಬರುವ ರಿಪೋರ್ಟ್ ಎರಡನೇ ಆವೃತ್ತಿಯದ್ದು, ಹೊಸ ರೂಟರ್ ಅದನ್ನು ಒಪ್ಪಿಕೊಳ್ಳುತ್ತದೆ, ಅದಕ್ಕೇ ಮೊದಲಿಗೆ ಚಿತ್ರ ಬರುತ್ತಿತ್ತು.

ಆ ಇಂಟರ್‌ಫೇಸಿನಲ್ಲಿ ರೂಟರ್ ಅನ್ನು ಆವೃತ್ತಿ 2ಕ್ಕೆ ಇಳಿಸಿದೆ. ಈಗ ಒಂದು ಗಂಟೆಯಿಂದ ಒಂದೇ ಚಾನೆಲ್ ಓಡುತ್ತಿದೆ. ಬಹಳ ಉಪಕಾರವಾಯಿತು.

ಶರಾವತಿ_ಡಿಪ್ಲೊಮಾ · ಹೊನ್ನಾವರ

ಸರ್, ನಾನು ಡಿಪ್ಲೊಮಾ ಓದುತ್ತಿದ್ದೇನೆ. ಪಠ್ಯದಲ್ಲಿ ಮಲ್ಟಿಕಾಸ್ಟ್ ಎರಡು ಪುಟ ಇದೆ, ಅಷ್ಟೇ. ಕಾರವಾರದ ಆರ್‌ಪಿಯಲ್ಲಿ "ಶಿರಸಿಯಲ್ಲಿ ಇಷ್ಟು ಮನೆ ನೋಡುತ್ತಿವೆ" ಎಂಬ ಪಟ್ಟಿ ಇರುತ್ತದಾ? ಮತ್ತೆ, ಒಂದೇ ಲ್ಯಾನ್‌ನಲ್ಲಿ ಎರಡು ರೂಟರ್ ಇದ್ದರೆ ಇಬ್ಬರೂ ಕಳಿಸಿ ಎರಡೆರಡು ಪ್ಯಾಕೆಟ್ ಬರುವುದಿಲ್ಲವಾ?

ಕಾಳಿ_ಸಂಗಮ · ಕಾರವಾರ

ತಂಗಿ, ಪಟ್ಟಿ ಯಾರ ಹತ್ತಿರವೂ ಇಲ್ಲ. ಇಡೀ ವ್ಯವಸ್ಥೆಯ ಸೌಂದರ್ಯವೇ ಅದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿರಸಿ ರೂಟರ್‌ಗೆ ಗೊತ್ತಿರುವುದು "ಈ ಇಂಟರ್‌ಫೇಸಿನ ಹಿಂದೆ ಯಾರೋ ಒಬ್ಬರಾದರೂ ಇದ್ದಾರೆ" ಎಂಬುದಷ್ಟೇ. ಎರಡನೇ ಆವೃತ್ತಿಯಲ್ಲಿ ಲ್ಯಾನ್‌ನಲ್ಲಿ ಒಬ್ಬರು ರಿಪೋರ್ಟ್ ಕೊಟ್ಟದ್ದು ಕೇಳಿದರೆ ಉಳಿದವರು ಸುಮ್ಮನಾಗುತ್ತಾರೆ, ಎಣಿಕೆ ಬೇಡವೇ ಬೇಡ. ಶಿರಸಿ ರೂಟರ್ ಮೇಲಿನ ರೂಟರ್‌ಗೆ ಪಿಮ್ ಜಾಯಿನ್ ಕಳಿಸುತ್ತದೆ. ಆ ಮೇಲಿನವರಿಗೆ ಗೊತ್ತಾಗುವುದು "ಶಿರಸಿ ಕಡೆಯ ತಂತಿಗೆ ಬೇಕಂತೆ" ಎಂದು ಮಾತ್ರ. ಹೀಗೆ ಜಾಯಿನ್ ಒಂದೊಂದೇ ಹೆಜ್ಜೆ ಆರ್‌ಪಿ ಕಡೆ ಹೋಗುತ್ತದೆ, ಆ ಗ್ರೂಪಿನ ಮರದ ಕೊಂಬೆ ಈಗಾಗಲೇ ಇರುವ ರೂಟರ್ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಪ್ರತಿ 60 ಸೆಕೆಂಡಿಗೊಮ್ಮೆ ಜಾಯಿನ್ ಮತ್ತೆ ಹೋಗಬೇಕು, 210 ಸೆಕೆಂಡು ಬಾರದಿದ್ದರೆ ಮೇಲಿನ ರೂಟರ್ ಆ ಕೊಂಬೆ ಕಡಿದುಹಾಕುತ್ತದೆ. ಕೆಳಗಿನ ರೂಟರ್ ಕರೆಂಟ್ ಹೋಗಿ ಸತ್ತರೂ ಯಾರೂ ಬಂದು ಹೇಳಬೇಕಿಲ್ಲ.

ಅದಕ್ಕೇ ಮಲ್ಟಿಕಾಸ್ಟ್ ದೋಷ ಹುಡುಕುವಾಗ ನೋಡುವ ಮನೆಯಿಂದ ಶುರುಮಾಡಿ ಮೂಲದ ಕಡೆ ನಡೆಯಬೇಕು. ಪ್ರತಿ ರೂಟರ್‌ನಲ್ಲೂ ಎರಡೇ ಪ್ರಶ್ನೆ: ನಿನ್ನನ್ನು ಯಾರು ಕೇಳಿದರು? ನೀನು ಯಾವ ಕಡೆ ಕೇಳಿದೆ? ಉತ್ತರ ಎಲ್ಲಿ ತಪ್ಪುತ್ತದೋ ದೋಷ ಅಲ್ಲಿ. ಎನ್‌ಕೋಡರ್‌ನಿಂದ ಶುರುಮಾಡಿದವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ, ಯಾಕೆಂದರೆ ಮರ ಬೆಳೆಯುವುದು ಆ ದಿಕ್ಕಿನಲ್ಲಿ ಅಲ್ಲ.

ಎರಡು ರೂಟರ್ ಪ್ರಶ್ನೆ. ಮೂರು ತೀರ್ಮಾನ ಬೇರೆ ಬೇರೆ ಆಗುತ್ತವೆ. ಐಜಿಎಂಪಿ ಕ್ವೆರಿ ಹಾಕುವವನು ಯಾರು? ಐಪಿ ವಿಳಾಸ ಚಿಕ್ಕದಿದ್ದವನು. ಲ್ಯಾನ್ ಪರವಾಗಿ ಮೇಲಕ್ಕೆ ಪಿಮ್ ಜಾಯಿನ್ ಕಳಿಸುವ ಡಿಆರ್ ಯಾರು? ಆದ್ಯತೆ ಸಮ ಇದ್ದರೆ ವಿಳಾಸ ದೊಡ್ಡದಿದ್ದವನು. ಹಾಗಾಗಿ ಒಬ್ಬ ಕೇಳುತ್ತಿರುತ್ತಾನೆ, ಇನ್ನೊಬ್ಬ ತರುತ್ತಿರುತ್ತಾನೆ, ಅದರಲ್ಲಿ ತಪ್ಪೇನಿಲ್ಲ, ರಿಪೋರ್ಟ್ ಇಬ್ಬರಿಗೂ ಕೇಳಿಸುತ್ತದೆ. ಮೂರನೆಯದು ಅಸರ್ಟ್. ಹೇಗೋ ಇಬ್ಬರೂ ಒಂದೇ ಲ್ಯಾನ್‌ಗೆ ಅದೇ ಹರಿವು ಬಿಟ್ಟರೆ, ತಾನು ಹೊರಗೆ ಕಳಿಸುವ ಇಂಟರ್‌ಫೇಸಿನಿಂದಲೇ ಅದೇ ಪ್ಯಾಕೆಟ್ ಒಳಗೆ ಬಂದದ್ದು ಕಂಡು ಇಬ್ಬರೂ ಅಸರ್ಟ್ ಸಂದೇಶ ಹಾಕುತ್ತಾರೆ. ಮೂಲದ ಕಡೆಗಿನ ದಾರಿ ಯಾರದು ಉತ್ತಮವೋ ಅವನು ಗೆಲ್ಲುತ್ತಾನೆ, ಸಮ ಇದ್ದರೆ ದೊಡ್ಡ ವಿಳಾಸದವನು. ಸೋತವನು ಕಳಿಸುವುದು ನಿಲ್ಲಿಸುತ್ತಾನೆ. ಮೊದಲ ಒಂದೆರಡು ಪ್ಯಾಕೆಟ್ ಎರಡು ಸಲ ಬರಬಹುದು, ಆಮೇಲೆ ಇಲ್ಲ.

ಯಲ್ಲಾಪುರದವ · ಈಗ ಬೆಂಗಳೂರು

ಭಾವ, ಇಷ್ಟೆಲ್ಲ ಕಷ್ಟ ಯಾಕೆ? ಈಗ ಎಲ್ಲರೂ ಆ್ಯಪ್‌ನಲ್ಲಿ ಯೂನಿಕಾಸ್ಟ್ (ನೋಡುವ ಪ್ರತಿಯೊಬ್ಬರಿಗೂ ಬೇರೆ ಹರಿವು) ಕೊಡುತ್ತಾರೆ. ಸಾರ್ವಜನಿಕ ಇಂಟರ್ನೆಟ್‌ನಲ್ಲಿ ಮಲ್ಟಿಕಾಸ್ಟ್ ಸೋತಿದೆ. ಬೇರೆ ಬೇರೆ ಜಾಲಗಳ ನಡುವೆ ಯಾವ ಮೂಲದಿಂದಲಾದರೂ ಬರಲಿ ಎನ್ನುವ ಹಳೆಯ ಮಾದರಿಯನ್ನು ಬಿಡಿ ಎಂದು ಇಂಟರ್ನೆಟ್ ಪದ್ಧತಿಗಳ ದಾಖಲೆಯಾದ 2020ರ ಆರ್‌ಎಫ್‌ಸಿ 8815ರಲ್ಲೇ ಹೇಳಿದ್ದಾರೆ. ಇಟ್ಟುಕೊಳ್ಳುವುದೇ ಆದರೆ 232ರಿಂದ ಶುರುವಾಗುವ ವಿಳಾಸಗಳಿಗೆ ಹೋಗಿ, ಎಸ್‌ಎಸ್‌ಎಂ ಮಾಡಿ. ಬಾಕ್ಸ್ ಮೂಲದ ವಿಳಾಸವನ್ನೂ ಸೇರಿಸಿಯೇ ಕೇಳುತ್ತದೆ, ಆರ್‌ಪಿ ಬೇಕಾಗುವುದೇ ಇಲ್ಲ.

ಘಟ್ಟದ_ಮೇಲೆ · ಶಿರಸಿ

ಭಾವ, ಒಂದು ಚಾನೆಲ್ 4 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. 500 ಮನೆ ಒಟ್ಟಿಗೆ ಯೂನಿಕಾಸ್ಟ್ ನೋಡಿದರೆ ಘಟ್ಟದ ಫೈಬರ್ ಮೇಲೆ 2 ಜಿಬಿಪಿಎಸ್. ಎಲ್ಲರೂ ಅದೇ ಆಟ ನೋಡುತ್ತಿದ್ದರೆ ಮಲ್ಟಿಕಾಸ್ಟ್‌ನಲ್ಲಿ ಅದೇ 4 ಎಂಬಿಪಿಎಸ್. ನಮ್ಮ ಬಾಡಿಗೆ ಲಿಂಕ್‌ಗೆ 2 ಜಿಬಿಪಿಎಸ್ ದುಡ್ಡು ಕೊಡಲು ಸಾಧ್ಯವೇ ಇಲ್ಲ.

ಕಾಳಿ_ಸಂಗಮ · ಕಾರವಾರ

ಇಬ್ಬರ ಮಾತಿನಲ್ಲೂ ಹುರುಳಿದೆ. ಆರ್‌ಎಫ್‌ಸಿ 8815 ಹೇಳುವುದು ಜಾಲ ಜಾಲಗಳ ನಡುವಿನ ಮಾತು. ಒಂದೇ ಆಡಳಿತದ ಒಳಗೆ 239 ವಿಳಾಸಗಳೊಂದಿಗೆ ಆರ್‌ಪಿ ಇಟ್ಟು ನಡೆಸುವುದಕ್ಕೆ ಅದು ಅಡ್ಡಿ ಹೇಳುವುದಿಲ್ಲ. ಎಸ್‌ಎಸ್‌ಎಂ ಒಳ್ಳೆಯದೇ, ನನಗೂ ಅದೇ ಇಷ್ಟ. ಆದರೆ ಅದಕ್ಕೆ ಐಜಿಎಂಪಿ 3 ಬೇಕು, ಶಿರಸಿಯ ಬಾಕ್ಸ್‌ಗಳು 2. ರೂಟರ್‌ನಲ್ಲೇ ಈ ಗ್ರೂಪಿಗೆ ಈ ಮೂಲ ಎಂದು ನಕ್ಷೆ ಕೊಟ್ಟು ಹೊಂದಿಸಬಹುದು, ಅದು ಮುಂದಿನ ಹೆಜ್ಜೆಯಾಗಲಿ. ಮಳೆ ಶುರುವಾಗುವ ಮೊದಲು ಎರಡನೇ ತೊಂದರೆ ಮುಗಿಸೋಣ.

ದೇವಿಮನೆ ಲಿಂಕ್ ಇಲ್ಲದಾಗ ಏನಾಗುತ್ತದೆ ನೋಡಿ. ಪಿಮ್‌ಗೆ ತನ್ನದೇ ಆದ ದಾರಿಪಟ್ಟಿ ಇಲ್ಲ. ಒಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಕಲಿಯುವ ಪದ್ಧತಿ) ಅಥವಾ ಸ್ಟಾಟಿಕ್ ರೂಟ್ (ಕೈಯಿಂದ ಬರೆದ ದಾರಿ) ಕಟ್ಟಿದ ಯೂನಿಕಾಸ್ಟ್ ಪಟ್ಟಿಯನ್ನೇ ಹಿಮ್ಮುಖವಾಗಿ ಓದುತ್ತದೆ: ಮೂಲಕ್ಕೆ ನಾನು ಪ್ಯಾಕೆಟ್ ಕಳಿಸಿದರೆ ಯಾವ ಇಂಟರ್‌ಫೇಸಿನಿಂದ ಹೋಗುತ್ತದೆ? ಜಾಯಿನ್ ಆ ಕಡೆಯೇ ಹೋಗಬೇಕು, ಚಿತ್ರ ಆ ಕಡೆಯಿಂದಲೇ ಬರಬೇಕು. ಬೇರೆ ಕಡೆಯಿಂದ ಬಂದದ್ದನ್ನು ರೂಟರ್ ಎಸೆಯುತ್ತದೆ. ಇದೇ ಆರ್‌ಪಿಎಫ್ ಪರೀಕ್ಷೆ. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಯೂನಿಕಾಸ್ಟ್ ಪ್ಯಾಕೆಟ್ ಸುತ್ತುಬಳಸಿಗೆ ಬಿದ್ದರೆ ಒಂದೇ ಪ್ಯಾಕೆಟ್ ಟಿಟಿಎಲ್ ಮುಗಿಯುವವರೆಗೆ ಸುತ್ತುತ್ತದೆ. ಮಲ್ಟಿಕಾಸ್ಟ್ ಬಿದ್ದರೆ ಪ್ರತಿ ಸುತ್ತಿನಲ್ಲೂ ಹೊಸ ಪ್ರತಿಗಳು ಹುಟ್ಟುತ್ತವೆ, ಕ್ಷಣದಲ್ಲಿ ಲಿಂಕ್ ತುಂಬುತ್ತದೆ.

ನಿಮ್ಮ ಯೂನಿಕಾಸ್ಟ್ ಪಟ್ಟಿ ಬಾಡಿಗೆ ಲಿಂಕ್ ಕಡೆ ತಿರುಗಿದಾಗ ಆರ್‌ಪಿಎಫ್ ಕೂಡ ಆ ಕಡೆ ತಿರುಗುತ್ತದೆ. ಆದರೆ ಆ ಕಡೆ ಪಿಮ್ ಹಲೋ ಹೇಳುವ ನೆರೆಯವರು ಯಾರೂ ಇಲ್ಲ. ಬಾಡಿಗೆ ಕೊಟ್ಟವರ ರೂಟರ್‌ಗಳು ನಿಮ್ಮ ಮಲ್ಟಿಕಾಸ್ಟ್ ಮುಟ್ಟುವುದಿಲ್ಲ. ಜಾಯಿನ್ ಕೈಗೆ ತೆಗೆದುಕೊಳ್ಳುವವರೇ ಇಲ್ಲದ ಮೇಲೆ ಕೊಂಬೆ ಎಲ್ಲಿಂದ? ಪಿಂಗ್‌ಗೆ ಇದ್ಯಾವುದೂ ಬೇಕಿಲ್ಲ, ಅದಕ್ಕೇ ಅದು ಹೋಗುತ್ತದೆ. ಲಿಂಕ್ ತುಂಡಾದಾಗ ಶಿರಸಿ ರೂಟರ್‌ನಲ್ಲಿ "ಶೋ ಐಪಿ ಆರ್‌ಪಿಎಫ್" ಕೊಟ್ಟು ಕುಮಟಾ ಎನ್‌ಕೋಡರ್ ವಿಳಾಸ ಹಾಕಿ, ಆಮೇಲೆ ಕಾರವಾರದ ಆರ್‌ಪಿ ವಿಳಾಸ ಹಾಕಿ. ಎರಡಕ್ಕೂ ಸರಿಯಾದ ನೆರೆಯವರು ಸಿಗುವುದಿಲ್ಲ.

ಮಾಡಬೇಕಾದದ್ದು: ಶಿರಸಿ ರೂಟರ್‌ನಿಂದ ಅಂಕೋಲಾದ ನಿಮ್ಮ ರೂಟರ್‌ಗೆ ಆ ಬಾಡಿಗೆ ಲಿಂಕ್ ಮೇಲೆ ಜಿಆರ್‌ಇ ಟನೆಲ್ (ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನೊಳಗೆ ಮಡಚಿ ಕಳಿಸುವ ದಾರಿ) ಹಾಕಿ, ಟನೆಲ್‌ನ ಎರಡೂ ತುದಿಯಲ್ಲಿ ಪಿಮ್ ಹಚ್ಚಿ. ಆಮೇಲೆ ಎನ್‌ಕೋಡರ್ ಸಬ್‌ನೆಟ್‌ಗೂ ಆರ್‌ಪಿ ವಿಳಾಸಕ್ಕೂ ಟನೆಲ್ ಕಡೆ ತೋರಿಸುವ ಸ್ಟಾಟಿಕ್ ಎಂರೂಟ್ (ಆರ್‌ಪಿಎಫ್‌ಗೆ ಮಾತ್ರ ಕೈಯಿಂದ ಬರೆದ ದಾರಿ) ಕೊಡಿ. ಎರಡಕ್ಕೂ ಕೊಡಬೇಕು, ಮರೆಯಬೇಡಿ. ಮೂಲಕ್ಕೆ ಮಾತ್ರ ಕೊಟ್ಟು ಆರ್‌ಪಿ ಬಿಟ್ಟರೆ ಹೊಸದಾಗಿ ಚಾನೆಲ್ ಹಾಕಿದವರಿಗೆ ಏನೂ ಬರುವುದಿಲ್ಲ, ಯಾಕೆಂದರೆ ಮೊದಲ ಜಾಯಿನ್ ಹೋಗುವುದು ಆರ್‌ಪಿ ಕಡೆಗೆ.

ಅಘನಾಶಿನಿ_ದಡ · ಕುಮಟಾ

ಟನೆಲ್‌ನಲ್ಲಿ ಪ್ಯಾಕೆಟ್ ತುಂಡಾಗುವುದಿಲ್ಲವಾ ಸರ್? ನಮ್ಮ ಪ್ಯಾಕೆಟ್‌ನಲ್ಲಿ 188 ಬೈಟ್‌ನ 7 ಟಿಎಸ್ (ಟಿವಿ ಹರಿವಿನ) ಪ್ಯಾಕೆಟ್, ಅಂದರೆ 1316 ಬೈಟ್.

ಕಾಳಿ_ಸಂಗಮ · ಕಾರವಾರ

ಯುಡಿಪಿ ಹೆಡರ್ 8, ಐಪಿ ಹೆಡರ್ 20 ಸೇರಿಸಿ 1344. ಜಿಆರ್‌ಇ ಮೇಲೊಂದಿಷ್ಟು 24, ಒಟ್ಟು 1368. ಲಿಂಕ್‌ನ ಮಿತಿ 1500ರ ಒಳಗೇ ಇದೆ, ತುಂಡಾಗುವುದಿಲ್ಲ.

ಇನ್ನೊಂದು ಎಚ್ಚರ. ಸಿಸ್ಕೊ ರೂಟರ್‌ಗಳಲ್ಲಿ ಸ್ಟಾಟಿಕ್ ಎಂರೂಟ್ ಸುಮ್ಮನೆ ಕೊಟ್ಟರೆ ಅದು ಯೂನಿಕಾಸ್ಟ್ ಪಟ್ಟಿಯನ್ನು ಮೀರಿಸುತ್ತದೆ. ದೇವಿಮನೆ ಚೆನ್ನಾಗಿದ್ದಾಗಲೂ ಟಿವಿ ಅರಬೈಲ್ ಸುತ್ತಿಕೊಂಡೇ ಬರುತ್ತದೆ. ಅದಕ್ಕೆ ಡಿಸ್ಟೆನ್ಸ್ (ಕಡಿಮೆ ಇದ್ದದ್ದು ಗೆಲ್ಲುವ ಅಂಕೆ) 200 ಕೊಡಿ. ದೇವಿಮನೆಯ ಒಎಸ್‌ಪಿಎಫ್ ದಾರಿ 110 ಇರುವವರೆಗೆ ಅದೇ ಗೆಲ್ಲುತ್ತದೆ. ಅದು ಹೋದಾಗ ಉಳಿಯುವ ನಿಮ್ಮ ಬದಲಿ ಸ್ಟಾಟಿಕ್ ರೂಟ್‌ನ ಡಿಸ್ಟೆನ್ಸ್ 200ಕ್ಕಿಂತ ಹೆಚ್ಚಿರಲಿ.

ಯಲ್ಲಾಪುರದವ · ಈಗ ಬೆಂಗಳೂರು

ಇದು ಓದಿ ಖುಷಿಯಾಯಿತು. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಸ್ಟೀವ್ ಡೀರಿಂಗ್ 1989ರ ಆರ್‌ಎಫ್‌ಸಿ 1112ರಲ್ಲಿ ಇದಕ್ಕೆ ಬುನಾದಿ ಹಾಕಿದ ಮೇಲೂ ನಡುವಿನ ರೂಟರ್‌ಗಳಿಗೆ ಮಲ್ಟಿಕಾಸ್ಟ್ ಗೊತ್ತಿರಲಿಲ್ಲ. 1992ರಲ್ಲಿ ಎಂಬೋನ್ (ಇಂಟರ್ನೆಟ್ ಮೇಲಿನ ಪ್ರಯೋಗದ ಮಲ್ಟಿಕಾಸ್ಟ್ ಜಾಲ) ಶುರುಮಾಡಿದವರು ಗೊತ್ತಿರುವ ಯಂತ್ರಗಳ ನಡುವೆ ಟನೆಲ್ ಹಾಕಿಯೇ ಸಭೆಯ ಧ್ವನಿಯನ್ನು ದೂರ ದೂರಕ್ಕೆ ಕಳಿಸಿದ್ದು. ಆಗಿನ ಪದ್ಧತಿ ಡಿವಿಎಂಆರ್‌ಪಿ ಎಲ್ಲ ಕಡೆ ಸುರಿಯುತ್ತಿತ್ತು, ಬೇಡ ಎಂದವರ ಕೊಂಬೆ ಕಡಿಯುವುದು ಅದಕ್ಕೆ ನಂತರ ಸೇರಿತು. ಕೇಳಿದವರಿಗೆ ಮಾತ್ರ ಕೊಡುವ ಸ್ಪಾರ್ಸ್ ಮೋಡ್ ಆಮೇಲಿನದು. ನಮ್ಮ ಘಟ್ಟದ ಲಿಂಕ್‌ಗಳಿಗೆ ಸುರಿಯುವ ಪದ್ಧತಿ ಆಗುತ್ತಲೇ ಇರಲಿಲ್ಲ. ಯೂನಿಕಾಸ್ಟ್ ಮಾಡಿ ಎಂದ ನನ್ನ ಮಾತು ಬೆಂಗಳೂರಿನ ಲಿಂಕ್‌ಗಳಿಗೆ ಸರಿ, ಅರಬೈಲ್‌ನ ಬಾಡಿಗೆ ಲಿಂಕ್‌ಗೆ ಅಲ್ಲ.

ಆರ್‌ಪಿ ಕಾರವಾರದಲ್ಲಿ ಯಾಕಿದೆ? ಮೂಲ ಎಲ್ಲ ಕುಮಟಾದಲ್ಲಿ.

ಶರಾವತಿ_ಡಿಪ್ಲೊಮಾ · ಹೊನ್ನಾವರ

ಅದೇ ನನಗೂ ಕೇಳಬೇಕಿತ್ತು. ಕುಮಟಾದಿಂದ ಉತ್ತರಕ್ಕೆ ಕಾರವಾರಕ್ಕೆ ಹೋಗಿ, ಮತ್ತೆ ದಕ್ಷಿಣಕ್ಕೆ ಕುಮಟಾಕ್ಕೆ ಬಂದು, ಆಮೇಲೆ ಘಟ್ಟ ಹತ್ತುತ್ತದಾ ಚಿತ್ರ?

ಕಾಳಿ_ಸಂಗಮ · ಕಾರವಾರ

ಮೊದಲ ಪ್ಯಾಕೆಟ್‌ಗಳು ಹಾಗೆ ಹೋಗಬಹುದು. ಕುಮಟಾ ರೂಟರ್ ಅವನ್ನು ರಿಜಿಸ್ಟರ್ ಸಂದೇಶದೊಳಗೆ ಮಡಚಿ ಯೂನಿಕಾಸ್ಟ್ ಆಗಿ ಕಾರವಾರಕ್ಕೆ ಕಳಿಸುತ್ತದೆ. ಆರ್‌ಪಿ ಬಿಚ್ಚಿ ತನ್ನಿಂದ ಹರಡಿದ ಮರದ ಮೇಲೆ ಇಳಿಸುತ್ತದೆ. ಶಿರಸಿ ರೂಟರ್‌ಗೆ ಮೊದಲ ಪ್ಯಾಕೆಟ್ ಸಿಕ್ಕ ಕೂಡಲೇ ಮೂಲದ ವಿಳಾಸ ತಿಳಿಯುತ್ತದೆ, ಅದು ಮೂಲದ ಕಡೆಗೇ ನೇರ ಇನ್ನೊಂದು ಜಾಯಿನ್ ಕಳಿಸುತ್ತದೆ. ನೇರ ದಾರಿಯಿಂದ ಬರತೊಡಗಿದ ಮೇಲೆ ಆರ್‌ಪಿ ಕಡೆಗೆ ಪ್ರೂನ್ (ಈ ದಾರಿಯಿಂದ ಸಾಕು ಎಂಬ ಸಂದೇಶ) ಹೋಗುತ್ತದೆ. ಆರ್‌ಪಿ ಕೂಡ ಮೂಲದಿಂದ ನೇರ ಬಂದ ಮೇಲೆ ರಿಜಿಸ್ಟರ್ ನಿಲ್ಲಿಸು ಎನ್ನುತ್ತದೆ. ಸುತ್ತುದಾರಿ ಕ್ಷಣ ಮಾತ್ರ.

ಆದರೂ ಬದಲಿ ದಾರಿಯಲ್ಲಿ ನೋಡಿ: ಅರಬೈಲ್ ಇಳಿದು ಅಂಕೋಲಾಕ್ಕೆ ಬಂದ ಜಾಯಿನ್‌ಗಳಲ್ಲಿ ಆರ್‌ಪಿ ಕಡೆಯದು ಉತ್ತರಕ್ಕೆ ತಿರುಗುತ್ತದೆ, ಮೂಲದ ಕಡೆಯದು ದಕ್ಷಿಣಕ್ಕೆ. ಅಂಕೋಲಾ–ಕಾರವಾರ ನಡುವೆ ಫೈಬರ್ ಹೋದರೆ ಕುಮಟಾದ ಎನ್‌ಕೋಡರ್ ಚೆನ್ನಾಗಿದ್ದರೂ ಶಿರಸಿಯಲ್ಲಿ ಹೊಸ ಚಾನೆಲ್ ತೆರೆಯುವುದಿಲ್ಲ. ಆರ್‌ಪಿ ಕುಮಟಾಕ್ಕೆ ಬರಲೇಬೇಕು.

ಘಟ್ಟದ_ಮೇಲೆ · ಶಿರಸಿ

ಮುಖ್ಯ ಕಚೇರಿಯವರು ಒಪ್ಪಿದರು. ಆರ್‌ಪಿ ಕುಮಟಾಕ್ಕೆ ಬಂತು, ಎಲ್ಲ ರೂಟರ್‌ನಲ್ಲೂ ಹೊಸ ವಿಳಾಸ ಕೊಟ್ಟೆವು. ಟನೆಲ್, ಎಂರೂಟ್ ಎಲ್ಲ ಆಯಿತು. ಬೆಳಗಿನ ಜಾವ ದೇವಿಮನೆ ಕಡೆಯ ಫೈಬರ್ ಕಿತ್ತು ನೋಡಿದೆ. ಪೋರ್ಟ್ ಬಿದ್ದದ್ದು ರೂಟರ್‌ಗೆ ತಕ್ಷಣ ತಿಳಿದು ಕೆಲವೇ ಸೆಕೆಂಡಿನಲ್ಲಿ ಚಿತ್ರ ಟನೆಲ್‌ನಿಂದ ಬಂತು. ಮತ್ತೆ ಜೋಡಿಸಿದಾಗ ಚಿತ್ರ ನಿಲ್ಲದೆ ದೇವಿಮನೆಗೆ ವಾಪಸ್.

ಕಾಳಿ_ಸಂಗಮ · ಕಾರವಾರ

ಚಲೋ ಆಯಿತು. ನಡುದಾರಿಯಲ್ಲಿ ಸ್ವಿಚ್ ಇದ್ದು, ಅದರಾಚೆ ತುಂಡಾದರೆ ನಿಮ್ಮ ಪೋರ್ಟ್ ಬೀಳುವುದಿಲ್ಲ. ಆಗ ಒಎಸ್‌ಪಿಎಫ್‌ಗೆ 40 ಸೆಕೆಂಡು ಬೇಕಾಗುತ್ತದೆ. ಎರಡೂ ಕಡೆ ಬಿಎಫ್‌ಡಿ (ಲಿಂಕ್ ಸತ್ತದ್ದನ್ನು ಬೇಗ ಕಂಡುಹಿಡಿಯುವ ಪದ್ಧತಿ) ಇದ್ದರೆ ಹಚ್ಚಿ.

ಅಘನಾಶಿನಿ_ದಡ · ಕುಮಟಾ

ಕೊನೆಯದಾಗಿ ನನ್ನದೊಂದು. ಎರಡನೇ ಎನ್‌ಕೋಡರ್ ಬಂದಿದೆ. ಮೊದಲನೆಯದು ಕೆಟ್ಟರೆ ಇರಲಿ ಎಂದು ಅದೇ ಗ್ರೂಪಿಗೆ ಅದನ್ನೂ ಹಚ್ಚಿಡಬಹುದಾ?

ಕಾಳಿ_ಸಂಗಮ · ಕಾರವಾರ

ಬೇಡಮ್ಮ. 239ರಲ್ಲಿ ಬಾಕ್ಸ್ ಗ್ರೂಪನ್ನು ಮಾತ್ರ ಕೇಳುತ್ತದೆ, ಮೂಲವನ್ನಲ್ಲ. ಎರಡೂ ಒಟ್ಟಿಗೆ ಕಳಿಸಿದರೆ ರೂಟರ್‌ಗಳು ಎರಡಕ್ಕೂ ಮರ ಕಟ್ಟಿ ಎರಡನ್ನೂ ಮನೆಗೆ ತಲುಪಿಸುತ್ತವೆ, ಚಿತ್ರ ಚೂರುಚೂರಾಗುತ್ತದೆ. ಎರಡನೆಯದನ್ನು ಬೇರೆ ಗ್ರೂಪಿಗೆ ಹಚ್ಚಿ, ಮೊದಲನೆಯದು ನಿಂತಾಗ ಮಾತ್ರ ವಿಳಾಸ ಬದಲಿಸಿ. ಆ ಬೇರೆ ಗ್ರೂಪ್ 239.0.0 ಅಥವಾ 239.128.0 ಎಂದು ಶುರುವಾಗುವುದು ಬೇಡ. ಐಪಿ ವಿಳಾಸದ ಕೊನೆಯ 23 ಬಿಟ್ ಮಾತ್ರ ಈಥರ್ನೆಟ್ ವಿಳಾಸಕ್ಕೆ ಹೋಗುವುದರಿಂದ ಅವು ಜಾಲದ ಒಳಮಾತಿಗೆ ಮೀಸಲಾದ 224.0.0ರ ಜೊತೆ ಕಲೆತು, ಸ್ವಿಚ್‌ಗಳು ಎಲ್ಲ ಪೋರ್ಟಿಗೂ ಸುರಿಯುತ್ತವೆ.

ಅಘನಾಶಿನಿ_ದಡ · ಕುಮಟಾ

ಸರಿ ಸರ್, 239.10.2.1ರಿಂದ ಹಚ್ಚುತ್ತೇನೆ.